ವಠಾರ ಹೋಯಿತು, ಮೂರು ಲಕ್ಷದ ಲೆಕ್ಕ ಉಳಿಯಿತು

ಪ್ರಶ್ನೆ: ನಾನು ಬೆಂಗಳೂರಿನ ಶ್ರೀರಾಂಪುರದಲ್ಲಿ ಹುಟ್ಟಿ ಬೆಳೆದವಳು. ವಯಸ್ಸು 31. ಕಂಪನಿಯೊಂದರಲ್ಲಿ ಲೆಕ್ಕಪತ್ರದ ಕೆಲಸ. ನಾವಿದ್ದ ವಠಾರದ ಬಗ್ಗೆ ಐದು ವರ್ಷದಿಂದ ಒಂದು ಚಿತ್ರಕಥೆ ಬರೆಯುತ್ತಿದ್ದೇನೆ. ಆರು ಮನೆ, ಒಂದೇ ನಲ್ಲಿ, ಮಾಲೀಕರು ತೀರಿಕೊಂಡ ಮೇಲೆ ಮಕ್ಕಳು ಜಾಗವನ್ನು ಬಿಲ್ಡರ್‌ಗೆ ಕೊಡುವ ಕಥೆ. ಬರೆಯುತ್ತಿರುವಾಗಲೇ ವಠಾರ ಕೆಡವಿದರು; ಈಗ ಅಲ್ಲಿ ನಾಲ್ಕು ಮಹಡಿಯ ಕಟ್ಟಡವಿದೆ. ನಿರ್ಮಾಪಕರೊಬ್ಬರು ಕಥೆ ಕೇಳಿ, "ಚೆನ್ನಾಗಿದೆ, ಕೊಟ್ಟುಬಿಡಿ, ಡೈರೆಕ್ಷನ್ ಬೇರೆಯವರು ಮಾಡ್ತಾರೆ" ಅಂದರು. ನಾನೇ ನಿರ್ದೇಶಿಸಬೇಕೆಂಬ ಆಸೆ. ಆದರೆ ಇವತ್ತಿನವರೆಗೆ ಶೂಟಿಂಗ್ ಸೆಟ್ ಕಂಡವಳಲ್ಲ. ಸ್ಕ್ರಿಪ್ಟ್ ಕೊಡಲೇ, ಕಾಯಲೇ? ಜಾಗವೇ ಇಲ್ಲದ ಮೇಲೆ ಕಥೆಯನ್ನು ತೊಂಬತ್ತರ ದಶಕಕ್ಕೆ ಒಯ್ಯಲೇ? ಸ್ಕ್ರಿಪ್ಟು ಒಟ್ಟು ನೂರ ಹದಿನೆಂಟು ಪುಟ; ಮೊದಲ ಹತ್ತು ಪುಟ, ಕಥೆಯ ಸಾರಾಂಶ ಜೊತೆಗಿಟ್ಟಿದ್ದೇನೆ.

ಉತ್ತರ: ನಿಮ್ಮ ಹತ್ತು ಪುಟವನ್ನು ಎರಡು ಸಲ ಓದಿದೆ. ಕೊಡುವುದು, ಕಾಯುವುದು ಆಮೇಲಿನ ಮಾತು. ಮೊದಲು ಪುಟಗಳ ವಿಚಾರ, ಯಾಕೆಂದರೆ ನೀವು ಕೇಳಿದ್ದಕ್ಕೆಲ್ಲ ಜವಾಬು ಅಲ್ಲೇ ಇದೆ.

ಮೊದಲ ಪುಟದಲ್ಲಿ ಡ್ರೋನ್ ಹಾರುತ್ತದೆ. ಮೇಲ್ಸೇತುವೆ, ಗಾಜಿನ ಕಟ್ಟಡ, ಟ್ರಾಫಿಕ್ಕು. ಹಿನ್ನೆಲೆಯಲ್ಲಿ ಒಂದು ದನಿ, "ಒಂದು ಕಾಲದಲ್ಲಿ ಬೆಂಗಳೂರು ಹೀಗಿರಲಿಲ್ಲ" ಅನ್ನುತ್ತದೆ. ಇದಿಷ್ಟನ್ನೂ ಹೊಡೆದುಹಾಕಿ. ಹೀಗೆ ಶುರುವಾಗುವ ಸ್ಕ್ರಿಪ್ಟುಗಳನ್ನು ಓದಿ ಓದಿ ನನಗೆ ಮೊದಲ ಪುಟ ಬಿಟ್ಟು ಎರಡನೆಯದರಿಂದ ಓದುವ ಕೆಟ್ಟ ಚಾಳಿಯೇ ಬಂದಿದೆ. ಊರು ಕೆಟ್ಟುಹೋಯಿತು ಅಂತ ಹಳಹಳಿಸೋದನ್ನು ಬಸ್ ಸ್ಟಾಪಿನಲ್ಲಿ ಪಕ್ಕ ನಿಂತವರು ಪುಕ್ಕಟೆಯಾಗಿ ಮಾಡಿಕೊಡುತ್ತಾರೆ. ಅದಕ್ಕೆ ಯಾರೂ ಟಿಕೆಟ್ ತಗೊಂಡು ಬರಲಾರರು.

ಏಳನೇ ಪುಟಕ್ಕೆ ಬಂದಾಗ ಮಾತ್ರ ನಾನು ಕನ್ನಡಕ ಸರಿಮಾಡಿಕೊಂಡು ಕೂತೆ. ಮೂರನೇ ಮನೆಯ ಸಾವಿತ್ರಮ್ಮ ಹದಿನಾರು ವರ್ಷದ ಹಿಂದೆ ಮೂರು ಲಕ್ಷಕ್ಕೆ ಆ ಮನೆಯನ್ನು ಭೋಗ್ಯಕ್ಕೆ ಹಾಕಿಕೊಂಡವರು. ಮಾಲೀಕರ ಹಿರಿಮಗ ಆ ಮೂರು ಲಕ್ಷವನ್ನು ಕವರಿನಲ್ಲಿಟ್ಟು ತಂದು ವಾಪಸು ಕೊಡುತ್ತಾನೆ. ಒಂದು ರೂಪಾಯಿ ಕಮ್ಮಿ ಇಲ್ಲ. ಸಾವಿತ್ರಮ್ಮ ಎಣಿಸುತ್ತಾರೆ, "ಸರಿಯಾಗಿದೆ ಕಣಪ್ಪ" ಅನ್ನುತ್ತಾರೆ. ಹನ್ನೆರಡು ಸಾಲಿನಲ್ಲಿ ಇದನ್ನು ಬರೆದು ನೀವು ಮುಂದಿನ ಸೀನಿಗೆ ಹೊರಟುಹೋಗಿದ್ದೀರಿ!

ಅಲ್ಲಮ್ಮ, ನಿಮ್ಮ ಸಿನಿಮಾ ಅದೇ. ಬೆಂಗಳೂರಿನ ಹೊರಗಿನ ಓದುಗರಿಗಾಗಿ ಒಂದು ಮಾತು: ಇಲ್ಲಿ ಭೋಗ್ಯ ಎಂದರೆ ಒಂದು ದೊಡ್ಡ ಮೊತ್ತವನ್ನು ಮಾಲೀಕರ ಕೈಗೆ ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ಮನೆಯಲ್ಲಿರುವುದು. ಬಿಡುವಾಗ ಕೊಟ್ಟಷ್ಟೇ ದುಡ್ಡು ವಾಪಸು. ಬಡ್ಡಿಯಿಲ್ಲ, ಬಾಡಿಗೆಯೂ ಇಲ್ಲ. ಎರಡು ವರ್ಷ, ಮೂರು ವರ್ಷಕ್ಕೆ ಕರಾರು ಮಾಡಿಕೊಂಡು, ಮಾಲೀಕರೂ ಸುಮ್ಮನಿದ್ದು ಇವರೂ ಸುಮ್ಮನಿದ್ದು ಹದಿನಾರು ವರ್ಷ ಕಳೆದುಹೋಗುವ ಮನೆಗಳು ಈ ಊರಲ್ಲಿ ಬೇಕಾದಷ್ಟಿವೆ. ಈಗ ಅದೇ ಮೂರು ಲಕ್ಷ ಹಿಡಿದು ಸಾವಿತ್ರಮ್ಮ ನೆಲಮಂಗಲದ ಕಡೆ ಮನೆ ಹುಡುಕಬೇಕು. ಯಾರೂ ಅವರಿಗೆ ಮೋಸ ಮಾಡಿಲ್ಲ. ಹುಡುಗ ಪ್ರಾಮಾಣಿಕ, ಕರಾರು ನೆಟ್ಟಗಿದೆ, ದುಡ್ಡು ಪೂರ್ತಿಯಿದೆ. ಆದರೂ ಆಕೆ ಬೀದಿಗೆ ಬಿದ್ದಿದ್ದಾರೆ. 2001ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ ಸುಮಾರು 65 ಲಕ್ಷ. 2011ರಲ್ಲಿ 96 ಲಕ್ಷ. ಹತ್ತು ವರ್ಷದಲ್ಲಿ ಹೆಚ್ಚಿದ ಸುಮಾರು ಮೂವತ್ತೊಂದು ಲಕ್ಷ ಜನರನ್ನು ನಿಮ್ಮ ಡ್ರೋನಿಗೆ ತೋರಿಸಲಾಗದು. ಆ ಕವರು ತೋರಿಸುತ್ತದೆ.

ಈ ಸೀನನ್ನು ಬರೆದವರು ನಿಮ್ಮೊಳಗಿನ ಲೆಕ್ಕಪತ್ರದವರು ಅಂತ ನನಗೆ ಅನುಮಾನ. ಡ್ರೋನ್ ಹಾರಿಸಿದವರು ಸಿನಿಮಾ ಮಾಡಬೇಕೆಂದು ಹೊರಟವರು. ಮುಂದಿನ ಕರಡಿನಲ್ಲಿ ಮೊದಲನೆಯವರ ಕೈಗೆ ಪೆನ್ನು ಕೊಡಿ.

ಕಥೆಯನ್ನು ತೊಂಬತ್ತರ ದಶಕಕ್ಕೆ ಒಯ್ಯಲೇ ಎಂದು ಕೇಳಿದ್ದೀರಿ. ಖಂಡಿತ ಬೇಡ. ಖರ್ಚಿನ ಮಾತು ಹಾಗಿರಲಿ. ಅಂಬಾಸಿಡರ್ ಕಾರು, ಹಳೇ ಬೋರ್ಡು, ಕೇಬಲ್ಲಿಲ್ಲದ ಆಕಾಶ ಅಂತ ಹುಡುಕುವಷ್ಟರಲ್ಲೇ ಚಿಕ್ಕ ಸಿನಿಮಾದ ದುಡ್ಡು ಕರಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಹಿಂದಕ್ಕೆ ಹೋದರೆ ನೀವು ಮೆಟ್ರೊ ಕಳೆದುಕೊಳ್ಳುತ್ತೀರಿ. ಸಂಪಿಗೆ ರಸ್ತೆಯಿಂದ ಪೀಣ್ಯದವರೆಗಿನ ಮಾರ್ಗ ಶುರುವಾದದ್ದು 2014ರ ಮಾರ್ಚ್ 1ರಂದು. ಅವತ್ತಿನಿಂದ ಶ್ರೀರಾಂಪುರದ ತಾರಸಿಗಳು ರೈಲಿನಲ್ಲಿ ಕೂತವರ ಕಣ್ಣಿಗೆ ಬಿದ್ದವು. ತಲೆಕೂದಲು ಒಣಗಿಸಲು, ಹಪ್ಪಳ ಹರಡಲು, ಯಾರಿಗೂ ಕಾಣದಂತೆ ಅತ್ತು ಬರಲು ಮೇಲೆ ಹತ್ತುತ್ತಿದ್ದ ಹೆಂಗಸರು ಏನು ಮಾಡಿದರು? ನಿಮ್ಮ ಮನೆಯಲ್ಲೇ ಕೇಳಿ ನೋಡಿ. ವಠಾರದ ಹುಡುಗನೊಬ್ಬ ಮೊದಲ ಸಲ ಟೋಕನ್ ತಗೊಂಡು ರೈಲು ಹತ್ತಿ, ತನ್ನ ಮನೆಯನ್ನು ಮೇಲಿನಿಂದ ನೋಡಿ, ಅದು ಇಷ್ಟು ಚಿಕ್ಕದೇ ಅಂದುಕೊಳ್ಳುವ ಸೀನು ಬರೆಯಿರಿ. ಮೇಲಿನಿಂದ ಊರು ತೋರಿಸುವ ನಿಮ್ಮ ಆಸೆ ಒಂದು ಟಿಕೆಟ್ಟಿನಲ್ಲಿ ತೀರುತ್ತದೆ. ಮೆಟ್ರೊದಲ್ಲಿ ಚಿತ್ರೀಕರಣಕ್ಕೆ ಅನುಮತಿ, ಶುಲ್ಕ ಎಲ್ಲ ಇದೆ ಅನ್ನೋದನ್ನು ಈಗಲೇ ಲೆಕ್ಕದಲ್ಲಿ ಬರೆದಿಟ್ಟುಕೊಳ್ಳಿ.

ಹಾಗಾಗಿ ಕಥೆಯ ಕಾಲ ವಠಾರದ ಕೊನೆಯ ತಿಂಗಳು. ಮನೆ ಬಿಡಿ ಎಂದ ದಿನದಿಂದ ಜೆಸಿಬಿ ಬರುವ ದಿನದವರೆಗೆ. ನಲ್ಲಿಯ ಜಗಳ, ಜಾಯಿಂಟ್ ಡೆವಲಪ್‌ಮೆಂಟ್ ಕರಾರಿಗೆ (ಜಾಗ ಇವರದು, ಕಟ್ಟುವುದು ಬಿಲ್ಡರ್, ಕಟ್ಟಡದಲ್ಲಿ ಇಬ್ಬರಿಗೂ ಪಾಲು) ಸಹಿ ಹಾಕಲು ಒಲ್ಲದ ಕಿರಿಮಗಳು, ಭೋಗ್ಯದ ಕವರು, ಎಲ್ಲವೂ ಅಷ್ಟರೊಳಗೆ ಹಿಡಿಯುತ್ತವೆ. ಈಗಿನ ನಿಮ್ಮ ಕರಡಿನಲ್ಲಿ ಬಿಲ್ಡರ್ ಖಳನಾಯಕ. ಅವನನ್ನು ತೆರೆಯ ಮೇಲೆ ತರಲೇಬೇಡಿ. ಊರು ತನ್ನಷ್ಟಕ್ಕೆ ತಾನು ಬದಲಾಗುವುದಿಲ್ಲ, ಯಾರೋ ಒಂದು ಮಧ್ಯಾಹ್ನ ಸಹಿ ಹಾಕಿರುತ್ತಾರೆ. ಆ ಸಹಿ ಹಾಕಿದವರು ನಮ್ಮವರೇ, ಅದೂ ಮಗಳ ಮದುವೆಗೋ ಅಣ್ಣನ ಸಾಲಕ್ಕೋ ಹಾಕಿದ್ದು ಅಂತಾದಾಗ ಪ್ರೇಕ್ಷಕ ಕುರ್ಚಿಯಲ್ಲಿ ಮಿಸುಕಾಡುತ್ತಾನೆ.

ಜಾಗವೇ ಇಲ್ಲ ಅನ್ನುವ ಸಂಕಟ ಕನ್ನಡ ಸಿನಿಮಾದ ಹುಟ್ಟಿನಿಂದಲೇ ಇದೆ. ಮೊದಲ ಕನ್ನಡ ಟಾಕಿ 'ಸತಿ ಸುಲೋಚನಾ' 1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರ್ಕೆಟ್ ಬಳಿಯ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆ ಕಂಡಿತು. ಅದನ್ನು ಬರೆದವರು ನಾಟಕಕಾರ ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಚಿತ್ರೀಕರಣವಾದದ್ದು ಕೊಲ್ಲಾಪುರದಲ್ಲಿ! ಆಮೇಲೂ ಎಷ್ಟೋ ಕಾಲ ನಮ್ಮ ಸಿನಿಮಾದ ಹಳ್ಳಿ, ಅರಮನೆ, ಅಡುಗೆಮನೆ ಎಲ್ಲ ಮದರಾಸಿನ ಸ್ಟುಡಿಯೋಗಳಲ್ಲಿ ಎದ್ದವು. ಇಲ್ಲಿ ಕಂಠೀರವ ಸ್ಟುಡಿಯೋ ಬಂದದ್ದು ಅರವತ್ತರ ದಶಕದಲ್ಲಿ. ನಿಮಗೆ ಬೇಕಿರುವುದು ಒಂದು ಅಂಗಳ, ಎದುರುಬದುರು ಬಾಗಿಲು, ನಡುವೆ ನಲ್ಲಿ. ಚಾಮರಾಜಪೇಟೆ, ಕಾಟನ್‌ಪೇಟೆಯ ಓಣಿಗಳಲ್ಲಿ ಕಾಲು ಸವೆಸಿ. ಸಿಕ್ಕದಿದ್ದರೆ ತುಮಕೂರು ದೂರವೇನಲ್ಲ. ಹುಡುಕುವಾಗ ಎರಡು ವಿಷಯ ನೋಡಿ. ಬಿಸಿಲು ಎಷ್ಟು ಹೊತ್ತಿನ ತನಕ ಅಂಗಳಕ್ಕೆ ಬೀಳುತ್ತದೆ? ಪಕ್ಕದಲ್ಲಿ ಐದು ಮಹಡಿ ಎದ್ದಿದ್ದರೆ ಮಧ್ಯಾಹ್ನಕ್ಕೇ ನೆರಳು ಬಂದು ನಿಮ್ಮ ಬೆಳಗಿನ ಸೀನು ಅರ್ಧಕ್ಕೆ ನಿಲ್ಲುತ್ತದೆ. ಮತ್ತೆ, ಸದ್ದು. ಸುತ್ತ ಎಲ್ಲಿ ಕಾಂಕ್ರೀಟ್ ಹಾಕುತ್ತಿದ್ದಾರೆ, ಎಲ್ಲಿ ಬೋರ್‌ವೆಲ್ ಕೊರೆಯುತ್ತಿದ್ದಾರೆ ವಿಚಾರಿಸಿ. ಊರು ಬದಲಾಗುವುದು ಬರಹಗಾರರಿಗೆ ನೋವಿನ ವಸ್ತು. ಸೌಂಡ್ ರೆಕಾರ್ಡಿಸ್ಟಿಗೆ ಅದು ದಿನಾ ತಲೆನೋವು.

ಸಂಭಾಷಣೆಯ ಬಗ್ಗೆ ಸ್ವಲ್ಪ ಕಟುವಾಗಿ ಹೇಳುತ್ತೇನೆ, ಬೇಜಾರಾಗಬೇಡಿ. ನಿಮ್ಮ ಆರು ಮನೆಯವರೂ ಒಂದೇ ಕನ್ನಡ ಆಡುತ್ತಾರೆ, ಅದೂ ಸೀರಿಯಲ್ ಕನ್ನಡ. ಶ್ರೀರಾಂಪುರದಲ್ಲಿ ಬೆಳೆದವರು ನೀವು! ಬಿನ್ನಿ ಮಿಲ್ಲು, ಮಿನರ್ವ ಮಿಲ್ಲು, ಮಲ್ಲೇಶ್ವರದ ರಾಜಾ ಮಿಲ್ಲು ಅಂತ ಯಾವ್ಯಾವುದೋ ಸೀಮೆಯ ಜನ ಬಂದು ನೆಲೆಸಿದ ಕಡೆ ಅದು. ನಲ್ಲಿ ಮುಂದಿನ ಜಗಳ ಕನ್ನಡದಲ್ಲಿ ಶುರುವಾಗಿ, ತಮಿಳಿನಲ್ಲಿ ಏರಿ, ತೆಲುಗಿನಲ್ಲಿ ರಾಜಿಯಾಗುವುದನ್ನು ನೀವು ಕೇಳಿಯೇ ಇರುತ್ತೀರಿ. ಇನ್ನೊಂದು ಸಣ್ಣ ಸಂಗತಿ: ಅಜ್ಜ ಎದುರಿಗಿರುವವನನ್ನು 'ಸ್ವಾಮಿ' ಅನ್ನುತ್ತಾರೆ, ಮಗ 'ಗುರು' ಅನ್ನುತ್ತಾನೆ, ಮೊಮ್ಮಗ 'ಬ್ರೋ' ಅನ್ನುತ್ತಾನೆ. ಈ ಮೂರೂ ಒಂದೇ ಮನೆಯಲ್ಲಿ ಕೇಳಿಸಿದರೆ ಮೂರು ತಲೆಮಾರಿನ ಬೆಂಗಳೂರು ಯಾರೂ ವಿವರಿಸದೆ ಬಂದು ಕೂರುತ್ತದೆ.

ಈಗ ನಿರ್ಮಾಪಕರ ವಿಷಯ. ನನ್ನದೊಂದು ಹಳೇ ಕಥೆ ಹೇಳಿಬಿಡುತ್ತೇನೆ. ನಾನು ಈ ಕಸುಬಿಗೆ ಬಂದಾಗ ಕಥಾ ಚರ್ಚೆಗಳು ಗಾಂಧಿನಗರದ ಲಾಡ್ಜ್ ರೂಮುಗಳಲ್ಲಿ ನಡೆಯುತ್ತಿದ್ದವು. 'ಡಿಸ್ಕಷನ್‌ಗೆ ಕೂರೋದು' ಎನ್ನುವರು. ಮಂಚದ ಮೇಲೆ ನಾಲ್ಕು ಜನ, ಕೆಳಗೆ ಚಾಪೆಯಲ್ಲಿ ಮೂರು ಜನ, ಗಂಟೆಗೊಂದು ಸಲ ಬೈಟು ಕಾಫಿ. ಹತ್ತು ದಿನ ಕೂತರೆ ಕಥೆಗೆ ತಂದೆಯರು ಹತ್ತು ಜನ. ನನ್ನ ಮೊದಲ ಚಿತ್ರಕಥೆಗೆ 15,000 ರೂಪಾಯಿ ಮಾತಾಗಿ, 5,000 ಅಡ್ವಾನ್ಸ್ ಬಂತು. ಉಳಿದದ್ದು ಮುಹೂರ್ತಕ್ಕೆ, ಆಮೇಲೆ ಚಿತ್ರೀಕರಣ ಮುಗಿಸಿ ಕುಂಬಳಕಾಯಿ ಒಡೆದ ಮೇಲೆ, ಆಮೇಲೆ ರಿಲೀಸಿಗೆ ಅಂತ ಮುಂದಕ್ಕೆ ಹೋಯಿತು. ಸಿನಿಮಾ ಬಂದಾಗ ಟೈಟಲ್ ಕಾರ್ಡಿನಲ್ಲಿ 'ಕಥೆ - ಚಿತ್ರಕಥೆ - ಸಂಭಾಷಣೆ - ನಿರ್ದೇಶನ' ಎಂದು ಒಂದೇ ಸಾಲು, ಒಂದೇ ಹೆಸರು. ಅದು ನನ್ನದಲ್ಲ. ಜೊತೆಗೆ ಕರೆದೊಯ್ದಿದ್ದ ನಮ್ಮಪ್ಪ, "ನಿನ್ನ ಹೆಸರು ಕೊನೇಲಿ ಬರುತ್ತೇನೋ" ಅಂತ ಕೊನೆಯ ಕಾರ್ಡಿನ ತನಕ ಕೂತಿದ್ದರು.

ಆ ಒಂದು ಸಾಲಿನ ಕಾರ್ಡು ಕನ್ನಡದಲ್ಲಿ ಇವತ್ತಿಗೂ ಮಾಮೂಲು. ಎಷ್ಟೋ ಸಲ ಅದು ನಿಜವೂ ಹೌದು, ನಿರ್ದೇಶಕರೇ ಬರೆದಿರುತ್ತಾರೆ. ಅದಕ್ಕೂ ಕಾರಣವಿದೆ. ಬರೀ ಚಿತ್ರಕಥೆ ಬರೆದು ಮನೆ ನಡೆಸುವುದು ನಮ್ಮಲ್ಲಿ ಬಹಳ ಕಷ್ಟ. ಆದ್ದರಿಂದ ಬರೆಯುವವರು ತಮ್ಮ ಬರಹ ಕಾಪಾಡಿಕೊಳ್ಳಲಿಕ್ಕೇ ನಿರ್ದೇಶಕರಾಗುತ್ತಾರೆ. ನಿಮ್ಮ ಆಸೆ ಹುಚ್ಚಲ್ಲ, ಈ ಊರಿನ ವಾಡಿಕೆ.

ಕಾನೂನು ನಿಮ್ಮ ಕಡೆಗಿದೆ, ಕೆಲವು ಮಾತು ಬಾಯಿಪಾಠ ಮಾಡಿಕೊಂಡರೆ. ಕಥೆಯ ಎಳೆಗೆ, ಐಡಿಯಾಕ್ಕೆ ಹಕ್ಕುಸ್ವಾಮ್ಯ ಇಲ್ಲ. 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಹಾಗಾಗಿ 'ವಠಾರ ಮಾರುವ ಕಥೆ' ಎಂದು ಯಾರ ಬಳಿಯೋ ಬಾಯಲ್ಲಿ ಹೇಳಿ ಬಂದು ಕದ್ದರು ಅಂದರೆ ನಡೆಯದು. ಬರೆದ ಸೀನುಗಳಿಗೆ ಹಕ್ಕಿದೆ, ಬರೆದ ಕ್ಷಣದಿಂದಲೇ ಇದೆ. ನೋಂದಣಿ ಕಡ್ಡಾಯವಲ್ಲ, ಆದರೆ ಸಾಕ್ಷಿಗೆ ಒಳ್ಳೆಯದು. ಕಾಪಿರೈಟ್ ಕಚೇರಿಯಲ್ಲಿ ಸಾಹಿತ್ಯ ಕೃತಿಯ ನೋಂದಣಿ ಶುಲ್ಕ 500 ರೂಪಾಯಿ, ಆನ್‌ಲೈನಿನಲ್ಲೇ ಮಾಡಬಹುದು. ಮುಂಬೈಯ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ ಸದಸ್ಯರಾದರೆ ಅಲ್ಲೂ ಸ್ಕ್ರಿಪ್ಟ್ ನೋಂದಾಯಿಸಬಹುದು, ಕನ್ನಡದಲ್ಲಿ ಬರೆದವರಿಗೂ ಅವಕಾಶವಿದೆ. ಬರೆದ ದಿನಕ್ಕೆ ಸಾಕ್ಷಿಯಾಗಲೆಂದು ತನಗೆ ತಾನೇ ರಿಜಿಸ್ಟರ್ಡ್ ಪೋಸ್ಟ್ ಮಾಡಿಕೊಂಡು ಕವರು ಒಡೆಯದೆ ಇಟ್ಟುಕೊಳ್ಳುವ ಹಳೇ ಉಪಾಯವನ್ನು ನಂಬಿ ಕೂರಬೇಡಿ. ಈಗ ಆ ರಿಜಿಸ್ಟರ್ಡ್ ಪೋಸ್ಟೇ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿದೆ.

ಕರಾರಿಗೆ ಕೂತಾಗ ಮುಖ್ಯವಾದದ್ದು ಇದು: ಹಕ್ಕು ವರ್ಗಾವಣೆ ಬರಹದಲ್ಲೇ ಆಗಬೇಕು, ನಿಮ್ಮ ಸಹಿ ಬೇಕು. ಎಷ್ಟು ಕಾಲಕ್ಕೆ ಎಂದು ಬರೆದಿಲ್ಲದಿದ್ದರೆ ಐದು ವರ್ಷ ಎಂದೇ ಅರ್ಥ. ಎಲ್ಲಿಗೆ ಎಂದು ಬರೆದಿಲ್ಲದಿದ್ದರೆ ಭಾರತಕ್ಕೆ ಮಾತ್ರ. ಕೊಂಡವರು ಒಂದು ವರ್ಷ ಏನೂ ಮಾಡದೆ ಇಟ್ಟುಕೊಂಡರೆ ಹಕ್ಕು ನಿಮಗೆ ವಾಪಸು, ಆದರೆ ಕರಾರಿನಲ್ಲಿ ಬೇರೆ ಥರ ಬರೆದಿರಬಾರದು. ಬರೆದೇ ಇರುತ್ತಾರೆ! ಸಣ್ಣ ಅಕ್ಷರದಲ್ಲಿ 'ಶಾಶ್ವತವಾಗಿ, ಜಗತ್ತಿನಾದ್ಯಂತ' ಎಂಬ ಪದಗಳನ್ನು ಹುಡುಕಿ. ಇನ್ನು, 2012ರ ತಿದ್ದುಪಡಿಯ ನಂತರ, ಚಿತ್ರಮಂದಿರದ ಪ್ರದರ್ಶನ ಬಿಟ್ಟು ಉಳಿದ ಬಳಕೆಗಳಿಂದ ಬರಬೇಕಾದ ರಾಯಧನವನ್ನು ಬರಹಗಾರರಿಂದ ಬರೆಸಿಕೊಂಡು ಕಿತ್ತುಕೊಳ್ಳುವಂತಿಲ್ಲ. ಬರೆಸಿಕೊಂಡರೂ ಆ ಷರತ್ತಿಗೆ ಬೆಲೆಯಿಲ್ಲ. ಕಾಗದದ ಮೇಲಿರುವುದು ಕೈಗೆ ಬರಲು ಓಡಾಡಬೇಕು ಅನ್ನೋದು ಬೇರೆ ಮಾತು. ಕರಾರನ್ನು ವಕೀಲರೊಬ್ಬರಿಗೆ ತೋರಿಸಿಯೇ ಸಹಿ ಹಾಕಿ.

ನಿಮ್ಮ ನಿರ್ಮಾಪಕರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಹೊಸಬರ ಕೈಗೆ ಕ್ಯಾಮೆರಾ ಕೊಡಲು ಅವರಿಗೆ ಹೆದರಿಕೆ, ನ್ಯಾಯವಾದದ್ದೇ. ಸೆಟ್ ನೋಡದ ನಿಮ್ಮ ಕೈಗೆ ನಾನೂ ಈಗಲೇ ಕೊಡುತ್ತಿರಲಿಲ್ಲ. ಅವರಿಗೆ ಹೀಗೆ ಹೇಳಿ: "ಸರ್, ಈ ಸ್ಕ್ರಿಪ್ಟ್ ಒಂದು ವರ್ಷ ನನ್ನ ಹತ್ರನೇ ಇರ್ಲಿ. ನಿಮ್ಮ ಈಗಿನ ಸಿನಿಮಾದಲ್ಲಿ ನನಗೊಂದು ಕೆಲಸ ಕೊಡಿ." ಅವರು ನಕ್ಕರೆ ಅವರ ಬಗ್ಗೆ ನಿಮಗೊಂದು ವಿಷಯ ಗೊತ್ತಾಗುತ್ತದೆ. ಕೆಲಸ ಕೊಟ್ಟರೆ ಇನ್ನೊಂದು ಗೊತ್ತಾಗುತ್ತದೆ.

ಯಾವ ಕೆಲಸ? ಎಲ್ಲರೂ ಹೇಳುವುದು ಅಸಿಸ್ಟೆಂಟ್ ಡೈರೆಕ್ಟರ್ ಆಗಿ ಸೇರಿ ಎಂದು. ಕ್ಲಾಪ್ ಹೊಡೆಯುವುದು, ಕಂಟಿನ್ಯುಟಿ (ಶಾಟಿನಿಂದ ಶಾಟಿಗೆ ಬಟ್ಟೆ, ಸಾಮಾನು ತಾಳೆಯಾಗುವ ಲೆಕ್ಕ) ಬರೆಯುವುದು, ಕನ್ನಡ ಬಾರದ ಆರ್ಟಿಸ್ಟಿಗೆ ಡೈಲಾಗ್ ಪ್ರಾಂಪ್ಟ್ ಮಾಡುವುದು. ಒಳ್ಳೆಯ ಪಾಠಶಾಲೆ, ಅನುಮಾನವಿಲ್ಲ. ನಿಮಗೆ ಮಾತ್ರ ಇನ್ನೊಂದು ಬಾಗಿಲು ತೆರೆದಿದೆ, ಅದನ್ನು ನೀವೇ ಗಮನಿಸಿಲ್ಲ. ನೀವು ಲೆಕ್ಕದವರು. ಪ್ರತಿ ಸಿನಿಮಾಕ್ಕೂ ಪ್ರೊಡಕ್ಷನ್ ಲೆಕ್ಕ ಬರೆಯುವವರು ಬೇಕು: ದಿನದ ವೋಚರು, ಯೂನಿಟ್ಟಿನ ಬಾಟಾ (ದಿನಭತ್ಯೆ), ಜನರೇಟರ್ ಬಾಡಿಗೆ, ಜೂನಿಯರ್ ಆರ್ಟಿಸ್ಟುಗಳ ಪೇಮೆಂಟು, ಊಟದ ಎಲೆ. ಯಾವ ಸೀನು ಎಷ್ಟು ತಿಂದಿತು ಎಂದು ನಿರ್ದೇಶಕರಿಗಿಂತ ಚೆನ್ನಾಗಿ ಗೊತ್ತಿರುವುದು ಪ್ರೊಡಕ್ಷನ್ ಮ್ಯಾನೇಜರಿಗೆ ಮತ್ತು ಅವರ ಪಕ್ಕದಲ್ಲಿ ಕೂತ ಅಕೌಂಟ್ಸಿನವರಿಗೆ. ಸ್ಕ್ರಿಪ್ಟಿನಲ್ಲಿ 'ಜೋರು ಮಳೆ' ಎಂದು ಎರಡು ಪದ ಬರೆಯುತ್ತೀರಿ. ಸೆಟ್ಟಿನಲ್ಲಿ ಅದು ಟ್ಯಾಂಕರ್ ನೀರು, ಮಳೆ ಯಂತ್ರ, ಪ್ರತಿ ಟೇಕಿಗೂ ಒಣ ಬಟ್ಟೆ, ಅರ್ಧ ಕಾಲ್‌ಶೀಟು (ಅರ್ಧ ಪಾಳಿಯ ಕೆಲಸ), ಜೊತೆಗೆ ನೆಗಡಿಯಾದ ಹೀರೋಯಿನ್. ಒಂದು ತಿಂಗಳು ಈ ವೋಚರುಗಳ ನಡುವೆ ಕೂತು ಬನ್ನಿ. ನಿಮ್ಮ ನೂರ ಹದಿನೆಂಟು ಪುಟದ ಸ್ಕ್ರಿಪ್ಟು ತಾನಾಗಿ ತೊಂಬತ್ತಕ್ಕೆ ಇಳಿಯುತ್ತದೆ, ಮಳೆ ಬೇಕಾದ ಸೀನಿನಲ್ಲಿ ಮಾತ್ರ ಮಳೆ ಉಳಿಯುತ್ತದೆ. ಚಿಕ್ಕ ಬಜೆಟ್ಟಿನ ಸಿನಿಮಾಗಳು ಇಪ್ಪತ್ತೈದು, ಮೂವತ್ತು ದಿನದಲ್ಲಿ ಮುಗಿಯುವುದುಂಟು. ಗಳಿಕೆ ರಜೆಯಲ್ಲಿ ನಿಭಾಯಿಸಬಹುದು. ಕೆಲಸ ಈಗಲೇ ಬಿಡಬೇಡಿ. ಸೇರುವ ಮುನ್ನ ಯೂನಿಟ್ಟಿನಲ್ಲಿ ಬೇರೆ ಹೆಂಗಸರು ಇದ್ದಾರೆಯೇ, ಔಟ್‌ಡೋರಿನಲ್ಲಿ ಶೌಚಾಲಯದ ಏರ್ಪಾಡೇನು, ರಾತ್ರಿ ಮನೆಗೆ ಬಿಡುವ ಗಾಡಿ ಯಾರದು ಎಂದು ಮುಲಾಜಿಲ್ಲದೆ ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸುವ ಕಂಪನಿ ನಿಮಗೆ ಬೇಡ.

ಸೀರಿಯಲ್ ಬರೆಯಲೇ ಎಂದು ಮುಂದೆ ಕೇಳುತ್ತೀರಿ ಅಂತ ಗೊತ್ತು, ಎಲ್ಲರೂ ಕೇಳುತ್ತಾರೆ. ಅಲ್ಲಿ ಒನ್‌ಲೈನ್ (ಕಂತಿನ ಕಥೆಯ ಎಳೆ) ಒಬ್ಬರು, ಚಿತ್ರಕಥೆ ಒಬ್ಬರು, ಸಂಭಾಷಣೆ ಇನ್ನೊಬ್ಬರು. ದುಡ್ಡು ಎಪಿಸೋಡಿನ ಲೆಕ್ಕದಲ್ಲಿ ಬರುತ್ತದೆ, ಕೈ ಓಡುತ್ತದೆ, ಗಡುವು ಅಂದರೇನು ಅಂತ ಅರ್ಥವಾಗುತ್ತದೆ. ಆದರೆ ಮೌನ ಬರೆಯುವುದು ಮರೆತುಹೋಗುತ್ತದೆ. ನನಗೆ ಮರೆತಿತ್ತು, ವಾಪಸು ಬರಲು ಮೂರು ವರ್ಷ ಹಿಡಿಯಿತು. ಸಾವಿತ್ರಮ್ಮ ದುಡ್ಡು ಎಣಿಸುವ ಸೀನನ್ನು ಸೀರಿಯಲ್ ಸಂಭಾಷಣೆಕಾರನಾಗಿದ್ದಾಗ ನಾನು ಬರೆದಿದ್ದರೆ ಆಕೆಯ ಬಾಯಲ್ಲಿ ಒಂದು ಪುಟ ಮಾತಿರುತ್ತಿತ್ತು.

ಬರೆದವರೇ ನಿರ್ದೇಶಕರಾದ ದಾರಿಗೆ ಹತ್ತಿರದ ಉದಾಹರಣೆ ಪವನ್ ಕುಮಾರ್. ಮೊದಲು ಯೋಗರಾಜ್ ಭಟ್ಟರ ಸಿನಿಮಾಗಳಿಗೆ ಬರಹದಲ್ಲಿ ಕೈಜೋಡಿಸಿದರು, ಆಮೇಲೆ ತಮ್ಮದೇ ಸಿನಿಮಾ ಮಾಡಿದರು. 2013ರಲ್ಲಿ ಬಂದ ಅವರ 'ಲೂಸಿಯಾ'ಕ್ಕೆ ಜನರಿಂದಲೇ ಸುಮಾರು 50 ಲಕ್ಷ ರೂಪಾಯಿ ಕೂಡಿತು. ಅದರ ನಾಯಕ ಹಳೇ ಟಾಕೀಸಿನಲ್ಲಿ ಟಾರ್ಚ್ ಬಿಡುವ ಹುಡುಗ ಅನ್ನೋದನ್ನು ಗಮನಿಸಿ. ಟಾಕೀಸುಗಳು ಒಂದೊಂದಾಗಿ ಮುಚ್ಚುತ್ತಿದ್ದ ಊರು ಆ ಕಥೆಯ ಒಳಗೇ ಇತ್ತು, ಯಾರೂ ಅದರ ಬಗ್ಗೆ ಭಾಷಣ ಮಾಡಲಿಲ್ಲ. ಇನ್ನೊಂದು ತುದಿಯಲ್ಲಿ 'ತಿಥಿ'. ಬರಹದಲ್ಲಿ ಜೊತೆಯಾದ ಈರೇಗೌಡರು ತಮ್ಮೂರಾದ ಮಂಡ್ಯ ಜಿಲ್ಲೆಯ ನೊದೆಕೊಪ್ಪಲನ್ನೇ ಕಥೆಯಾಗಿಸಿದರು. ನಿರ್ದೇಶಕ ರಾಮ್ ರೆಡ್ಡಿ ಊರಿನ ಜನರಿಂದಲೇ ಪಾತ್ರ ಮಾಡಿಸಿದರು. 2015ರಲ್ಲಿ ಅದು ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೆದ್ದು ಬಂತು. ಬರಹಗಾರರು ನಿರ್ದೇಶಕರಾಗಲೇಬೇಕೆಂದಿಲ್ಲ, ಊರನ್ನು ನಂಬುವ ನಿರ್ದೇಶಕರು ಸಿಕ್ಕರೂ ಸಾಕು ಎನ್ನುವುದಕ್ಕೆ ಇದನ್ನು ಹೇಳಿದೆ. ಎನ್‌ಎಫ್‌ಡಿಸಿಯವರು (ಕೇಂದ್ರ ಸರ್ಕಾರದ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ) ಗೋವಾದ ಸಿನಿಮಾ ಮಾರುಕಟ್ಟೆ ಫಿಲ್ಮ್ ಬಜಾರ್‌ಗೆ ಜೋಡಿಸಿ ಚಿತ್ರಕಥೆಗಾರರಿಗೆ ಸ್ಕ್ರಿಪ್ಟ್ ತಿದ್ದಿಕೊಳ್ಳುವ ಲ್ಯಾಬ್ ನಡೆಸುತ್ತಾರೆ, ಅರ್ಜಿ ಕರೆದಾಗ ಹಾಕಿ. ಬನಶಂಕರಿಯ ಸುಚಿತ್ರ ಫಿಲ್ಮ್ ಸೊಸೈಟಿಗೆ ಹೋಗಿ ಸಿನಿಮಾ ನೋಡುವ ಅಭ್ಯಾಸ ಮಾಡಿಕೊಳ್ಳಿ. ಜೊತೆಗೆ ಕೆಲಸ ಮಾಡುವವರು ಅಂಥ ಕಡೆಯೇ ಸಿಗುತ್ತಾರೆ.

ಯಾಕೆಂದರೆ ಮೊದಲಿನ ಹಾಗೆ ಎಲ್ಲರೂ ಸಿಗುವ ಒಂದು ರಸ್ತೆ ಈಗ ಉಳಿದಿಲ್ಲ. ಹಿಂದೆ ಕನ್ನಡ ಸಿನಿಮಾ ಎಂದರೆ ಗಾಂಧಿನಗರದಲ್ಲಿ ಹುಟ್ಟಿ, ಪಕ್ಕದ ಕೆಂಪೇಗೌಡ ರಸ್ತೆಯಲ್ಲಿ ತೀರ್ಮಾನವಾಗುತ್ತಿತ್ತು. 'ಮೇನ್ ಥಿಯೇಟರ್ ಯಾವುದು?' ಎಂಬ ಪ್ರಶ್ನೆಗೆ ಉತ್ತರ ಆ ರಸ್ತೆಯಲ್ಲೇ ಇರಬೇಕಿತ್ತು. ಏರಿಯಾಕ್ಕೇ ಹೆಸರು ಕೊಟ್ಟ ಮೆಜೆಸ್ಟಿಕ್ ಟಾಕೀಸು ಹೋಯಿತು, ಸಾಗರ್ ಹೋಯಿತು. ಸುಬೇದಾರ್ ಛತ್ರಂ ರಸ್ತೆಯಲ್ಲಿ 1968ರಲ್ಲಿ ಶುರುವಾದ, ಸಾವಿರಕ್ಕೂ ಹೆಚ್ಚು ಸೀಟಿನ ಕಪಾಲಿ 2017ರಲ್ಲಿ ಮುಚ್ಚಿತು. 2004ರಲ್ಲಿ ಕೋರಮಂಗಲದ ಮಾಲಿನಲ್ಲಿ ಹನ್ನೊಂದು ತೆರೆಗಳ ಮಲ್ಟಿಪ್ಲೆಕ್ಸ್ ಬಂದಾಗಲೇ ದಿಕ್ಕು ತಿರುಗಿತ್ತು. ಇದು ಬರವಣಿಗೆಗೂ ತಾಗಿದೆ. ಸಾವಿರ ಜನರ ಟಾಕೀಸಿಗೆ ಬರೆಯುವಾಗ ಹೀರೋ ಎಂಟ್ರಿ, ಶಿಳ್ಳೆಗೆ ಬಿಟ್ಟ ಜಾಗ, ಇಂಟರ್ವಲ್ ಬ್ಲಾಕು (ಮಧ್ಯಂತರಕ್ಕೆ ಮುಂಚಿನ ತಿರುವು) ಎಂದು ಹೆಣೆಯುತ್ತಿದ್ದೆವು. ಮಲ್ಟಿಪ್ಲೆಕ್ಸಿನಲ್ಲಿ ನಿಮ್ಮದು ಬೆಳಗಿನ ಹತ್ತೂವರೆಯ ಒಂದೇ ಷೋ ಆಗಿರಬಹುದು, ಇಪ್ಪತ್ತು ಜನ ಇರಬಹುದು, ಸೋಮವಾರಕ್ಕೆ ಅದೂ ಇರದಿರಬಹುದು. ಆ ಇಪ್ಪತ್ತು ಜನ ಶಿಳ್ಳೆ ಹಾಕುವುದಿಲ್ಲ, ಹೊರಗೆ ಬಂದು ಇನ್ನೊಬ್ಬರಿಗೆ ಹೇಳುತ್ತಾರೋ ಇಲ್ಲವೋ ಅನ್ನುವುದೇ ಲೆಕ್ಕ. ವಠಾರದ ಕಥೆಗೆ ಇದರಲ್ಲಿ ನಷ್ಟವೂ ಇದೆ, ಸಣ್ಣ ಲಾಭವೂ ಇದೆ: ಪಿಸುಮಾತು ಕೇಳಿಸುವಷ್ಟು ಆ ತೆರೆ ಹತ್ತಿರವಿರುತ್ತದೆ.

ಸ್ಕ್ರಿಪ್ಟ್ ಕಳಿಸುವ ಬಗ್ಗೆ ಒಂದು ಸಣ್ಣ ಗೊಣಗಾಟ. ನೀವು ಕಳಿಸಿದ ಫೈಲು ನನ್ನ ಕಂಪ್ಯೂಟರಿನಲ್ಲಿ ಮೊದಲು ಚಿಹ್ನೆಗಳ ಜಾತ್ರೆಯಾಗಿ ತೆರೆದುಕೊಂಡಿತು. ಹಳೆಯ 'ನುಡಿ' ತಂತ್ರಾಂಶದ ಅಕ್ಷರದಲ್ಲಿ ಟೈಪ್ ಮಾಡಿದ್ದೀರಿ. ಎಲ್ಲ ಕಂಪ್ಯೂಟರಿನಲ್ಲೂ ತೆರೆಯುವ ಯೂನಿಕೋಡಿಗೆ ಬದಲಿಸಿ, ಪಿಡಿಎಫ್ ಮಾಡಿ ಕಳಿಸಿ. ಓದುವ ಮನಸ್ಸಿದ್ದ ಎಷ್ಟು ಜನ ಇಷ್ಟಕ್ಕೇ ಕೈಬಿಟ್ಟರೋ!

ಇನ್ನು ಮುಂದಿನ ಆರು ತಿಂಗಳಿಗೆ ನನ್ನ ಸಲಹೆ ಒಂದೇ. ಪೂರ್ತಿ ಸಿನಿಮಾ ಬದಿಗಿಡಿ. ಏಳನೇ ಪುಟವನ್ನು ಹತ್ತು ಹನ್ನೆರಡು ನಿಮಿಷದ ಕಿರುಚಿತ್ರ ಮಾಡಿ. ಒಂದು ಕೋಣೆ, ಇಬ್ಬರು ಪಾತ್ರಧಾರಿಗಳು, ಎರಡು ದಿನ. ಫೋನಿನಲ್ಲಾದರೂ ತೆಗೆಯಿರಿ, ಆದರೆ ಸೌಂಡಿಗೆ ಮಾತ್ರ ಗೊತ್ತಿರುವವರನ್ನು ಕರೆಯಿರಿ. ಸಾವಿತ್ರಮ್ಮನ ಪಾತ್ರಕ್ಕೆ ರಂಗಭೂಮಿಯವರನ್ನು ಹುಡುಕುವ ಮೊದಲು ನಿಮ್ಮ ಹಳೇ ವಠಾರದ ಹೆಂಗಸರಲ್ಲೇ ಯಾರಾದರೂ ಒಪ್ಪುತ್ತಾರಾ ಕೇಳಿ. ನಿರ್ಮಾಪಕರ ಮುಂದೆ ನರೇಷನ್‌ಗೆ ಕೂತಾಗ ಎರಡು ಗಂಟೆ ಕಥೆ ಹೇಳುವ ಬದಲು ಅದನ್ನು ತೋರಿಸಿ, ಆಮೇಲೆ ಬಾಯಿ ತೆರೆಯಿರಿ.

ಆ ಸೀನಿನ ಬಗ್ಗೆಯೇ ಇನ್ನೊಂದು ಮಾತು. ನೀವು 'ಎಣಿಸುತ್ತಾರೆ' ಎಂದು ಒಂದು ಪದ ಬರೆದಿದ್ದೀರಿ. 500ರ ನೋಟಾದರೆ ಮೂರು ಲಕ್ಷಕ್ಕೆ 600 ನೋಟು, ಆರು ಕಟ್ಟು. ಅಷ್ಟೂ ಹೊತ್ತು ಆ ಹುಡುಗ ಎಲ್ಲಿ ಕೂರುತ್ತಾನೆ? ಕಾಫಿ ಕೊಡುತ್ತಾರಾ? ನಡುವೆ ನಲ್ಲಿ ನೀರು ಬಂದರೆ ಆಕೆ ಎದ್ದು ಹೋಗುತ್ತಾರಾ, ಲೆಕ್ಕ ತಪ್ಪಿ ಮತ್ತೆ ಮೊದಲಿಂದ ಎಣಿಸುತ್ತಾರಾ? 600 ಹಾಳೆ ಕತ್ತರಿಸಿ ನಿಮ್ಮ ತಾಯಿಯವರ ಕೈಗೆ ಕೊಟ್ಟು ಎಣಿಸಲು ಹೇಳಿ. ಎಷ್ಟು ನಿಮಿಷ ಹಿಡಿಯಿತು, ಬೆರಳಿಗೆ ಎಷ್ಟು ಸಲ ಎಂಜಲು ಹಚ್ಚಿಕೊಂಡರು ಅಂತ ಮುಂದಿನ ಪತ್ರದಲ್ಲಿ ಬರೆಯಿರಿ.